ಬ್ಲೇಡಿನ ಹೊದಿಕೆಯ ಮೇಲಿನ ಮನುಷ್ಯ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯಿಂದ ಮುಂಬಯಿಗೆ ಹೋಗಿ, ಹೋಟೆಲುಗಳಲ್ಲಿ ದುಡಿದು, ಮುಪ್ಪಿನಲ್ಲಿ ಊರಿಗೆ ಮರಳಿದವರ ಟ್ರಂಕುಗಳಲ್ಲಿ ಕೆಲವು ವಸ್ತುಗಳು ತಪ್ಪದೆ ಇರುತ್ತಿದ್ದುವು. ಒಂದು ಕೈಗನ್ನಡಿ, ಒಂದು ಕುಂಚ, ಹಿತ್ತಾಳೆಯ ಮೇಲೆ ಬೆಳ್ಳಿ ಬಣ್ಣದ ಲೇಪವಿದ್ದ ಒಂದು ರೇಜರು, ಅದರ ಜತೆಗೆ ತೆಳ್ಳನೆಯ ಕಾಗದದಲ್ಲಿ ಸುತ್ತಿದ ಬ್ಲೇಡುಗಳು. ಆ ಕಾಗದದ ಮೇಲೆ ದಟ್ಟ ಮೀಸೆಯ, ಒಪ್ಪವಾಗಿ ಬಾಚಿದ ಕೂದಲಿನ ಒಬ್ಬ ಗೃಹಸ್ಥನ ಚಿತ್ರವಿರುತ್ತಿತ್ತು. ನನ್ನ ಬಾಲ್ಯದಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು ಅವನನ್ನು ಯಾವುದೋ ದೇಶದ ಅರಸನೆಂದೇ ನಂಬಿದ್ದರು. ಚಿತ್ರದ ಬಳಿಯ ಹೆಸರಿನಲ್ಲಿ ಮೊದಲು ಬರುವ ಶಬ್ದವೇ ಕಿಂಗ್ ಎಂದಿದ್ದುದರಿಂದ ಅವರ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಆದರೆ ಕಿಂಗ್ ಎಂಬುದು ಬಿರುದಲ್ಲ, ತಂದೆತಾಯಿಗಳು ಇಟ್ಟ ಹೆಸರು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಈ ಮನುಷ್ಯ ಸರಕು ಮಾರುತ್ತ ಊರೂರು ಅಲೆದವನು.

ಆತ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಫಾಂಡ್ ಡು ಲ್ಯಾಕ್ ಎಂಬಲ್ಲಿ. ಬೆಳೆದದ್ದು ಶಿಕಾಗೋ ನಗರದಲ್ಲಿ. ಮನೆಯವರೆಲ್ಲರೂ ಏನನ್ನಾದರೂ ಹೊಸದಾಗಿ ಮಾಡಿನೋಡುವ ಸ್ವಭಾವದವರು. ತಾಯಿ ಫ್ಯಾನಿ ಪಾಕಶಾಸ್ತ್ರದಲ್ಲಿ ನಿಪುಣೆ. 1887ರಲ್ಲಿ ಆಕೆ ಹೊರತಂದ ಅಡುಗೆಯ ಪುಸ್ತಕ ಅಮೆರಿಕದ ಮನೆಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. 1871ರಲ್ಲಿ ಶಿಕಾಗೋ ನಗರ ಹೊತ್ತಿ ಉರಿದಾಗ ಈ ಕುಟುಂಬದ ಸೊತ್ತೆಲ್ಲ ಬೂದಿಯಾಯಿತು. ಆಗ ಹುಡುಗನಿಗೆ ಹದಿನಾರು ವರ್ಷ. ಅಲ್ಲಿಂದ ಮುಂದೆ ದುಡಿಮೆಯೇ ಅವನ ಪಾಠಶಾಲೆಯಾಯಿತು. ರೈಲುಗಾಡಿಯಲ್ಲಿ ಕುಳಿತು, ಅಂಗಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು, ಕಂಡವರಿಗೆ ಸರಕಿನ ಗುಣಗಾನ ಮಾಡುತ್ತ ಆತ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಳೆದ.

ರೇಜರಿನ ಜಿಲೆಟ್ಟನನ್ನು ಬಲ್ಲವರು ಅನೇಕರು. ಆದರೆ ರೇಜರಿಗಿಂತ ಮೊದಲೇ, 1894ರಲ್ಲಿ, ಆತ ಒಂದು ಪುಸ್ತಕ ಬರೆದನೆಂಬುದು ಅಷ್ಟಾಗಿ ತಿಳಿಯದ ಸಂಗತಿ. ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಆ ಪುಸ್ತಕದಲ್ಲಿ ವ್ಯಾಪಾರದ ಸ್ಪರ್ಧೆಯೇ ಮಾನವಕುಲದ ಎಲ್ಲ ಕೇಡುಗಳಿಗೂ ಮೂಲವೆಂದು ಆತ ವಾದಿಸಿದ. ಒಂದೇ ವಸ್ತುವನ್ನು ಹತ್ತು ಮಂದಿ ತಯಾರಿಸಿ, ಹತ್ತು ಮಂದಿ ಹೊತ್ತು ತಿರುಗಿ, ಒಬ್ಬರನ್ನೊಬ್ಬರು ತುಳಿದು ಮಾರುವುದು ಎಂತಹ ದುಂದೆಂಬುದನ್ನು ಆತ ಕಾಲ್ನಡಿಗೆಯಿಂದಲೇ ಕಂಡುಕೊಂಡಿದ್ದನಷ್ಟೆ. ಇದಕ್ಕೆ ಆತ ಸೂಚಿಸಿದ ಪರಿಹಾರ ಮಾತ್ರ ಭೀಮಗಾತ್ರದ್ದು. ನಯಾಗರಾ ಜಲಪಾತದ ಸಮೀಪ ಮೆಟ್ರೊಪೊಲಿಸ್ ಎಂಬ ಒಂದೇ ಮಹಾನಗರವನ್ನು ಕಟ್ಟಬೇಕು. ದೇಶದ ಬಹುಪಾಲು ಜನರೆಲ್ಲ ಅಲ್ಲಿಯೇ ವಾಸಿಸಬೇಕು. ಜಲಪಾತದ ಶಕ್ತಿಯಿಂದ ಅಲ್ಲಿನ ಯಂತ್ರಗಳೆಲ್ಲ ನಡೆಯಬೇಕು. ಜನರೇ ಒಡೆಯರಾದ ಒಂದೇ ಸಂಸ್ಥೆ ಎಲ್ಲವನ್ನೂ ತಯಾರಿಸಿ ಹಂಚಬೇಕು. ವಾರಾಹಿಯ ನೀರು ಹೊಸಂಗಡಿಯ ಬಳಿ ವಿದ್ಯುತ್ತಾಗುವುದನ್ನು ಕಂಡಿರುವ ನಮಗೆ ಜಲಪಾತದ ಮಾತು ಅಚ್ಚರಿ ತಾರದು. ಆದರೆ ಆತ ಬರೆಯುವಾಗ ನಯಾಗರಾದ ದೊಡ್ಡ ವಿದ್ಯುದಾಗಾರ ಇನ್ನೂ ಕೆಲಸಕ್ಕೆ ತೊಡಗಿರಲಿಲ್ಲ. ಅದು ಆರಂಭವಾದದ್ದು 1895ರಲ್ಲಿ. ನಗರವನ್ನಂತೂ ಯಾರೂ ಕಟ್ಟಲಿಲ್ಲ. ಕಟ್ಟದೆ ಇದ್ದುದೇ ಲೇಸೆಂದು ನನ್ನ ಎಣಿಕೆ. ಕೋಟ್ಯಂತರ ಜನರನ್ನು ಒಂದೇ ಅಚ್ಚಿನ ಮನೆಗಳಲ್ಲಿ ತುಂಬುವ ಆ ಕನಸಿನಲ್ಲಿ ಕರುಣೆಯಿದೆ, ಮನುಷ್ಯನ ಪರಿಚಯ ಸಾಲದು.

ದುಂದನ್ನು ಹೀಗೆ ದ್ವೇಷಿಸಿದವನೇ ಮರುವರ್ಷ ಬಳಸಿ ಎಸೆಯುವ ವಸ್ತುವಿನ ಬೆನ್ನುಹತ್ತಿದ! ಆಗ ಆತ ಸೀಸೆಗಳ ತಗಡಿನ ಬಿರಡೆಗಳನ್ನು ಮಾರುವ ಕಂಪೆನಿಯೊಂದರಲ್ಲಿದ್ದ. ಆ ಬಿರಡೆಯನ್ನು ಕಂಡುಹಿಡಿದ ವಿಲಿಯಂ ಪೇಂಟರ್, ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳಲು ಬರುವಂತಹ ವಸ್ತುವೊಂದನ್ನು ಯೋಚಿಸುವಂತೆ ಅವನಿಗೆ ಸಲಹೆ ಕೊಟ್ಟಿದ್ದ. 1895ರ ಒಂದು ಬೆಳಗ್ಗೆ, ಬೋಸ್ಟನ್ನಿನ ನೆರೆಯ ಬ್ರೂಕ್ಲೈನಿನಲ್ಲಿ, ಮೊಂಡಾದ ರೇಜರನ್ನು ಹಿಡಿದು ಕನ್ನಡಿಯ ಮುಂದೆ ನಿಂತಿದ್ದಾಗ ಯೋಚನೆ ಹೊಳೆಯಿತು. ಕಾವಲಿನ ಅಂಚುಳ್ಳ ರೇಜರುಗಳು ಆಗಲೇ ಇದ್ದುವು. ಕ್ಯಾಂಫೆ ಸಹೋದರರು 1880ರಲ್ಲಿಯೇ ಅಂತಹದೊಂದನ್ನು ಮಾಡಿದ್ದರು. ಆದರೆ ಅದರ ಅಲಗು ದಪ್ಪ, ಬೆಲೆ ಹೆಚ್ಚು. ದಿನವೂ ತೊಗಲಿಗೆ ಉಜ್ಜಬೇಕು, ಆಗಾಗ ಸಾಣೆ ಹಿಡಿಸಬೇಕು. ಉಕ್ಕಿನ ತೆಳುವಾದ ಹಾಳೆಗೆ ಎರಡೂ ಕಡೆ ಅಂಚು ಕೊಟ್ಟು, ಅದನ್ನು ಒಂದು ಹಿಡಿಯಲ್ಲಿ ಬಿಗಿದು, ಮೊಂಡಾದೊಡನೆ ಎಸೆದುಬಿಟ್ಟರೆ ಹೇಗೆ? ಇಷ್ಟೇ ಅವನ ಆಲೋಚನೆ.

ಇಲ್ಲಿ ನಮ್ಮ ಕಡೆಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಕ್ಷೌರವೆಂಬುದು ಒಬ್ಬನ ಕೆಲಸವಾಗಿರಲಿಲ್ಲ, ಊರಿನ ಏರ್ಪಾಡಾಗಿತ್ತು. ಕ್ಷೌರಿಕ ಗೊತ್ತಾದ ದಿನ ಚಾವಡಿಯ ಬಳಿ ಬರುವನು. ತಿಥಿವಾರಗಳ ನಿಷೇಧಗಳಿಗೆ ಅವನೂ ಯಜಮಾನನೂ ಬದ್ಧರು. ಕೂಲಿಯೆಂದರೆ ಸುಗ್ಗಿಯಲ್ಲಿ ಅಳೆದು ಕೊಡುವ ಭತ್ತ. ಮುಂಬಯಿಯ ರೇಜರು ಬಂದಾಗ ಆ ಭತ್ತಕ್ಕೆ ಕುಂದು ಬಂತೆಂಬುದು ನಿಜ. ಆದರೆ ಆ ಏರ್ಪಾಡಿನಲ್ಲಿ ಕ್ಷೌರಿಕನ ಕೈ ಎಲ್ಲ ಜಾತಿಯವರ ಮುಖಕ್ಕೂ ತಾಗುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಯಾರ ಮನೆಯಂಗಳಕ್ಕೆ ಕ್ಷೌರಿಕ ಕಾಲಿಡುತ್ತಿರಲಿಲ್ಲವೋ ಅವನೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಈ ವಸ್ತುವನ್ನು ಕೊಳ್ಳಬಹುದಾಗಿತ್ತು. ಜಿಲೆಟ್ಟನ ಪುಸ್ತಕಗಳಿಗಿಂತ ಈ ಒಂದು ಫಲ ನನಗೆ ದೊಡ್ಡದಾಗಿ ಕಾಣುತ್ತದೆ.

ಆಲೋಚನೆ ಹೊಳೆದದ್ದು ಒಂದು ಬೆಳಗಿನಲ್ಲಿ. ಅದು ವಸ್ತುವಾಗಲು ಆರು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. ಜಿಲೆಟ್ಟನಿಗೆ ಲೋಹದ ವಿದ್ಯೆ ತಿಳಿಯದು. ಕಾಗದದಷ್ಟು ತೆಳುವಾದ ಉಕ್ಕನ್ನು ಕಾಸಿ ತಣಿಸಿದರೆ ಸೊಟ್ಟಗಾಗುತ್ತದೆ, ಅದಕ್ಕೆ ಅಂಚು ಬಾರದೆಂದು ಬಲ್ಲವರು ಅವನನ್ನು ಹಿಂದಕ್ಕೆ ಕಳುಹಿಸಿದರು. ಕೊನೆಗೆ ಕೈಕೊಟ್ಟವನು ವಿಲಿಯಂ ಎಮರಿ ನಿಕರ್ಸನ್. ಬೋಸ್ಟನ್ನಿನ ತಂತ್ರವಿದ್ಯಾಲಯದಲ್ಲಿ ಓದಿದವನು, ಯಂತ್ರಗಳಲ್ಲಿ ಪಳಗಿದವನು. ಉಕ್ಕಿನ ಹಾಳೆಯನ್ನು ಸೊಟ್ಟಗಾಗದಂತೆ ಹದಗೊಳಿಸುವ, ಯಂತ್ರದಿಂದಲೇ ಮಸೆಯುವ ವಿಧಾನಗಳನ್ನು ಆತ ಕಂಡುಕೊಂಡ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದನ್ನೂ ಆತ ಅರಿತಿದ್ದ. ಇಷ್ಟು ತೆಳುವಾದ ಅಲಗು ತಾನಾಗಿ ನೇರ ನಿಲ್ಲಲಾರದು; ಮೇಲಿನ ಮುಚ್ಚಳ ಮತ್ತು ಕೆಳಗಿನ ಕಾವಲುಪಟ್ಟಿಗಳ ನಡುವೆ ಅದನ್ನು ಬಿಲ್ಲಿನಂತೆ ಬಗ್ಗಿಸಿ ಬಿಗಿದಾಗಲೇ ಅದಕ್ಕೆ ಬಲ; ಅಂಚು ಕಾವಲಿನಿಂದ ಎಷ್ಟು ಹೊರಗೆ ಇಣುಕಬೇಕೆಂಬುದನ್ನು ನಿಷ್ಕೃಷ್ಟವಾಗಿ ಹೊಂದಿಸಲು ಹಿಡಿ ಗಟ್ಟಿಮುಟ್ಟಾಗಿರಲೇಬೇಕು. 1901ರ ಸೆಪ್ಟೆಂಬರಿನಲ್ಲಿ ಕಂಪೆನಿ ಸ್ಥಾಪಿತವಾಯಿತು, ಮರುವರ್ಷ ಅದಕ್ಕೆ ಜಿಲೆಟ್ಟನ ಹೆಸರು ಬಂತು. ನಿಕರ್ಸನ್ನನ ಹೆಸರಿಡಲು ಹಿಂಜರಿದರೆಂದೂ ಹೇಳುವುದುಂಟು. ಇಂಗ್ಲಿಷಿನಲ್ಲಿ ನಿಕ್ ಎಂದರೆ ಸಣ್ಣ ಗಾಯ. ಆ ಹೆಸರಿನ ರೇಜರನ್ನು ಕೊಳ್ಳುವ ಧೈರ್ಯ ಯಾರಿಗಿದ್ದೀತು?

ಈ ಹೊಂದಾಣಿಕೆಯ ಮಾತನ್ನು ನಾನು ಪುಸ್ತಕದಿಂದ ಕಲಿತದ್ದು ಕಡಮೆ, ಕೈಯಿಂದ ಕಲಿತದ್ದು ಹೆಚ್ಚು. ಬೈಂದೂರಿನ ನಮ್ಮ ಬಂಧುಗಳೊಬ್ಬರ ಟ್ರಂಕಿನಿಂದ ನನ್ನ ಪಾಲಿಗೆ ಬಂದ ಹಳೆಯ ರೇಜರೊಂದಿದೆ: ಮುಚ್ಚಳ, ಬಾಚಣಿಗೆಯಂತೆ ಹಲ್ಲುಗಳುಳ್ಳ ಕಾವಲುಪಟ್ಟಿ, ಹಿಡಿ, ಹೀಗೆ ಮೂರೇ ಭಾಗ. ಅದೆಂದೋ ಬಚ್ಚಲಕಲ್ಲಿನ ಮೇಲೆ ಬಿದ್ದಿತ್ತು. ಒಂದು ಪಕ್ಕ ಚರ್ಮವನ್ನು ಕೆರೆಯುವುದು, ಇನ್ನೊಂದು ಪಕ್ಕ ಕೂದಲನ್ನೇ ಮುಟ್ಟದು. ಬೆಳಕಿಗೆ ಹಿಡಿದು ತಲೆಯ ಕಡೆಯಿಂದ ನೋಡಿದರೆ ಅಲಗು ಒಂದು ಬದಿಗೆ ಕೂದಲೆಳೆಯಷ್ಟು ಹೆಚ್ಚು ಚಾಚಿತ್ತು. ದೋಷ ಯಾವ ಭಾಗದ್ದೆಂದು ತಿಳಿಯುವ ಉಪಾಯ ಸುಲಭ. ಕಾವಲುಪಟ್ಟಿಯನ್ನಷ್ಟೇ ಅರ್ಧ ಸುತ್ತು ತಿರುಗಿಸಿ ಜೋಡಿಸಬೇಕು. ದೋಷ ಅದರೊಡನೆ ಪಕ್ಕ ಬದಲಿಸಿದರೆ ಪಟ್ಟಿ ಬಗ್ಗಿದೆಯೆಂದು ಅರ್ಥ. ಬದಲಿಸದಿದ್ದರೆ ಬ್ಲೇಡನ್ನು ತಿರುಗಿಸಿ ನೋಡಬೇಕು. ಆಗಲೂ ಅಲ್ಲಿಯೇ ನಿಂತರೆ ಮುಚ್ಚಳವನ್ನೋ ಅದರ ಮೊಳೆಗಳನ್ನೋ ಶಂಕಿಸಬೇಕು. ಇದಕ್ಕೆಲ್ಲ ಮೊದಲು ಬಿಸಿನೀರಿನಲ್ಲಿ ನೆನೆಸಿ ಮುಚ್ಚಳದ ಒಳಮೈಯ ಹಳೆಯ ಸಾಬೂನಿನ ಕಿಟ್ಟವನ್ನು ತೆಗೆಯತಕ್ಕದ್ದು; ಎಷ್ಟೋ ಸಲ ರೋಗ ಅಲ್ಲಿಯೇ ಮುಗಿಯುತ್ತದೆ.

ನನ್ನ ರೇಜರಿನಲ್ಲಿ ದೋಷ ಪಟ್ಟಿಯ ಹಲ್ಲುಗಳಲ್ಲಿತ್ತು. ಬ್ರಹ್ಮಾವರದ ಅಕ್ಕಸಾಲಿಯೊಬ್ಬರು ಅದನ್ನು ಗಾಜಿನ ಮೇಲೆ ಕವುಚಿಟ್ಟು ನೋಡಿ, ಮರದ ಕಡ್ಡಿಯಿಂದ ಒತ್ತಿ ಒತ್ತಿ ಎರಡು ಹಲ್ಲುಗಳನ್ನು ಸಾಲಿಗೆ ತಂದರು. ಇಕ್ಕಳ ಹಾಕಲು ಒಪ್ಪಲಿಲ್ಲ. ಹಿತ್ತಾಳೆ ಒಮ್ಮೆ ಬಗ್ಗಿದರೆ ಮರಳಿ ಬರುತ್ತದೆ, ಮತ್ತೆಮತ್ತೆ ಬಗ್ಗಿಸಿದರೆ ಮುರಿಯುತ್ತದೆಂಬುದು ಅವರಿಗೆ ಗೊತ್ತು. ಅಲ್ಲದೆ ಮೊಳೆಗೂ ಬ್ಲೇಡಿನ ರಂಧ್ರಕ್ಕೂ ನಡುವೆ ಯಾವಾಗಲೂ ತುಸು ಸಡಿಲವಿರುತ್ತದೆ. ಹಿಡಿಯನ್ನು ತಿರುವುವಾಗ ಅದು ಬ್ಲೇಡನ್ನು ಎಳೆದುಕೊಂಡು ಹೋಗುತ್ತದೆ. ಆದುದರಿಂದ ಮುಚ್ಚಳವನ್ನು ಅಂಗಾತ ಇಟ್ಟು, ಬ್ಲೇಡಿನ ಗಿಡ್ಡ ತುದಿಗಳೆರಡನ್ನೂ ಬೆರಳುಗಳಿಂದ ನೇರವಾಗಿ ಹಿಡಿದು ಬಿಗಿಯಬೇಕು. ಅಂಚನ್ನು ಮಾತ್ರ ಮುಟ್ಟಬಾರದು. ಈಗ ಅದು ಎರಡೂ ಕಡೆ ಸಮನಾಗಿದೆ. ಇಂದು ಕುಂದಾಪುರದ ಅಂಗಡಿಯಲ್ಲಿ ಕೊಂಡ ಎರಡಂಚಿನ ಬ್ಲೇಡು ಅಂತಹ ರೇಜರಿಗೆ ಸರಿಯಾಗಿ ಕೂರುತ್ತದೆ; ಜಿಲೆಟ್ಟನ ಮೊದಲ ಮಾದರಿಗಳಿಗೂ ಕೂರುತ್ತದೆ. ಎಸೆಯುವ ವಸ್ತುವನ್ನು ಲೋಕಕ್ಕೆ ಕೊಟ್ಟವನೆಂದು ಆತನನ್ನು ಹಳಿಯುವವರು ಈ ಹಿಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಎಸೆಯುವುದಕ್ಕೆಂದು ಮಾಡಿದ್ದು ಅಲಗನ್ನು. ಹಿಡಿಯನ್ನು ಮೊಮ್ಮಕ್ಕಳವರೆಗೆ ಬಾಳಲೆಂದೇ ಮಾಡಿದ್ದರು.

ಅಲಗನ್ನಾದರೂ ನಮ್ಮವರು ಎಸೆದರೆ? ಮುಂಗಾರಿನ ಉಪ್ಪುಗಾಳಿಯಲ್ಲಿ ಹಳೆಯ ಉಕ್ಕಿನ ಬ್ಲೇಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತಿತ್ತು. ಅದಕ್ಕೆ ತೆಂಗಿನೆಣ್ಣೆ ಸವರಿಡುವರು. ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಉಜ್ಜಿ ಇನ್ನೊಂದು ವಾರ ನಡೆಸುವರು. ಆಮೇಲೆ ಅದು ದರ್ಜಿಯ ಹೊಲಿಗೆ ಬಿಚ್ಚುವ ಸಾಧನ. ಎರಡಾಗಿ ಮುರಿದರೆ ಶಾಲೆಯ ಮಕ್ಕಳ ಪೆನ್ಸಿಲು ಹೆರೆಯುವ ಚೂರಿ. ಪೇಂಟರನ ಸಲಹೆ ನಮ್ಮ ಕರಾವಳಿಯಲ್ಲಿ ಪೂರ್ತಿ ಫಲಿಸಲಿಲ್ಲ.

ಅಮೆರಿಕದಲ್ಲಿ ಫಲಿಸಿತು. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದ ರೇಜರುಗಳು 51, ಬ್ಲೇಡುಗಳು 168. ಮರುವರ್ಷ ರೇಜರುಗಳ ಸಂಖ್ಯೆ 90 ಸಾವಿರವನ್ನು ಮುಟ್ಟಿತು. ಒಂದು ರೇಜರಿಗೆ ಐದು ಡಾಲರು ಬೆಲೆ, ಅಂದಿನ ಕಾಲಕ್ಕೆ ಅಗ್ಗವೇನಲ್ಲ. 1904ರ ನವೆಂಬರ್ 15ರಂದು ಹಕ್ಕುಪತ್ರ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗಾಗಿ ಸರ್ಕಾರ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿತು. ಮನೆಗೆ ಮರಳಿದ ಸೈನಿಕರು ಅಭ್ಯಾಸವನ್ನೂ ಜತೆಗೆ ತಂದರು. ಜಿಲೆಟ್ಟನ ಮುಖ ಭಾಷೆ ತಿಳಿಯದ ದೇಶಗಳಲ್ಲಿಯೂ ಸರಕಿನ ಗುರುತಾಯಿತು.

ಹಣ ಬಂದ ಮೇಲೆ ಹಳೆಯ ಕನಸು ಮಾಯವಾಗಬೇಕಾಗಿತ್ತು. ಆಗಲಿಲ್ಲ. 1910ರಲ್ಲಿ ಆತ ಅರಿಜೋನಾದಲ್ಲಿ ಒಂದು ವಿಶ್ವಸಂಸ್ಥೆಯನ್ನು ನೋಂದಾಯಿಸಲು ಹೊರಟು, ಅದರ ಅಧ್ಯಕ್ಷತೆಯನ್ನು ಹತ್ತು ಲಕ್ಷ ಡಾಲರುಗಳ ಸಂಬಳದೊಡನೆ ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮುಂದಿಟ್ಟ. ಅವರು ಒಪ್ಪಲಿಲ್ಲ. ಕಂಪೆನಿಯೊಳಗೆ ಬಂಡವಾಳಗಾರ ಜಾನ್ ಜಾಯ್ಸ್‌ನೊಡನೆ ಮನಸ್ತಾಪ ಬೆಳೆದು, ಜಿಲೆಟ್ ತನ್ನ ಪಾಲಿನ ಬಹುಭಾಗವನ್ನು ಅವನಿಗೆ ಮಾರಿದ. ಅಧ್ಯಕ್ಷನೆಂಬ ಹೆಸರು ಮಾತ್ರ ಉಳಿಯಿತು. 1924ರಲ್ಲಿ ಕಾದಂಬರಿಕಾರ ಅಪ್ಟನ್ ಸಿಂಕ್ಲೇರನ ನೆರವಿನಿಂದ ಜನರ ಸಂಸ್ಥೆಯ ವಿಚಾರವಾಗಿ ಮತ್ತೊಂದು ಪುಸ್ತಕ ಹೊರಟಿತು. ಸ್ಪರ್ಧೆ ಪಾಪವೆಂದು ಬರೆದವನ ಕಂಪೆನಿ ಅದೇ ಕಾಲದಲ್ಲಿ ಹಕ್ಕುಪತ್ರಗಳಿಗಾಗಿ ನ್ಯಾಯಾಲಯಗಳಲ್ಲಿ ಸ್ಪರ್ಧಿಗಳೊಡನೆ ಹೋರಾಡುತ್ತಿತ್ತು. ಇದು ಕಪಟವೆಂದು ನನಗೆ ಅನಿಸುವುದಿಲ್ಲ. ಆತ ಎರಡನ್ನೂ ನಂಬಿದ್ದ. ಒಂದಕ್ಕೊಂದು ಕೂರಿಸುವ ನಿಕರ್ಸನ್ ಮಾತ್ರ ಅಲ್ಲಿ ದೊರೆಯಲಿಲ್ಲ.

ಮೊದಲ ಹಕ್ಕುಪತ್ರದ ಅವಧಿ 1921ರಲ್ಲಿ ಮುಗಿಯಿತು. ಕಂಪೆನಿ ಅದೇ ವರ್ಷ ಇನ್ನೂ ನಿಷ್ಕೃಷ್ಟವಾದ ಹೊಸ ರೇಜರನ್ನು ಹೊರತಂದು, ಹಳೆಯ ಮಾದರಿಯನ್ನು ಒಂದು ಡಾಲರಿಗೆ ಇಳಿಸಿತು. 1930ರ ಮಾದರಿಯ ಕತೆ ಇನ್ನೂ ಸ್ವಾರಸ್ಯದ್ದು. ರೇಜರು ಕೈಜಾರಿ ಬಿದ್ದಾಗ ಮುಚ್ಚಳದ ಮೂಲೆ ತಗ್ಗಿ, ಅಲಗಿನ ಸಾಲು ಕೆಟ್ಟು, ಕೂದಲನ್ನು ಜಗ್ಗುತ್ತದೆಂದು ಕಂಪೆನಿಯೇ ಜಾಹೀರಾತಿನಲ್ಲಿ ಸಾರಿತು. ಅದಕ್ಕಾಗಿ ಬ್ಲೇಡಿನ ನಾಲ್ಕು ಮೂಲೆಗಳನ್ನೂ ಕತ್ತರಿಸಿತು. ನಾವು ಇಂದು ಕಾಣುವ ಬ್ಲೇಡಿನ ಆಕಾರ ಬಚ್ಚಲಕಲ್ಲಿನ ಪೆಟ್ಟಿಗೆ ಸಿಕ್ಕ ಉತ್ತರ. ಆದರೆ ಇಂತಹುದೇ ವಿನ್ಯಾಸದ ಮೇಲೆ ಹೆನ್ರಿ ಗೈಸ್ಮನ್ ಎಂಬ ಪ್ರತಿಸ್ಪರ್ಧಿ ಹಕ್ಕು ಹೂಡಿದ. ಅವನ ಕಂಪೆನಿಯನ್ನು ತಮ್ಮದರೊಡನೆ ಕೂಡಿಸಿಕೊಳ್ಳುವುದು ಅನಿವಾರ್ಯವಾಯಿತು. ಆಗ ಲೆಕ್ಕಪತ್ರಗಳನ್ನು ತೆರೆದು ನೋಡಿದಾಗ ಜಿಲೆಟ್ ಕಂಪೆನಿ ಹಿಂದಿನ ವರ್ಷಗಳಲ್ಲಿ ಲಾಭವನ್ನು ಹೆಚ್ಚಾಗಿ ತೋರಿಸಿದ್ದುದು ಹೊರಬಿತ್ತು. ಆಡಳಿತ ಗೈಸ್ಮನ್ನನ ಕೈಗೆ ಹೋಯಿತು.

ನಿಕರ್ಸನ್ ಆ 1930ರಲ್ಲಿಯೇ ತೀರಿಕೊಂಡ. ಮರುವರ್ಷ ಜಿಲೆಟ್ ಅಧ್ಯಕ್ಷಸ್ಥಾನವನ್ನೂ ಬಿಟ್ಟ. ಅಷ್ಟರಲ್ಲಿ 1929ರ ಷೇರುಪೇಟೆಯ ಕುಸಿತ ಅವನ ಐಶ್ವರ್ಯದ ಬಹುಪಾಲನ್ನು ಕೊಂಡೊಯ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೊಂಡಿದ್ದ ಭೂಮಿಯೂ ಬೆಲೆಯಿಳಿದು ಭಾರವಾಗಿತ್ತು. 1932ರ ಜುಲೈ 9ರಂದು ಲಾಸ್ ಏಂಜಲೀಸಿನ ಸಮೀಪದ ತನ್ನ ಹೊಲಮನೆಯಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಆತ ಮೃತನಾದ. ಕಂಪೆನಿ ಅವನ ಚಿತ್ರವನ್ನು ಆಮೇಲೆಯೂ ಬ್ಲೇಡಿನ ಹೊದಿಕೆಗಳ ಮೇಲೆ ಅಚ್ಚುಹಾಕಿಸುತ್ತಲೇ ಇತ್ತು.