ಶೇಷಾದ್ರಿ ಅಯ್ಯರ್ ಮತ್ತು ಕಾವೇರಿಯ ವಿದ್ಯುತ್ತು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಕುಶಲಕರ್ಮಿಗಳು ಚೌಳು ಮಣ್ಣಿನಿಂದ ಕ್ಷಾರವನ್ನು ತೆಗೆದು, ಅದನ್ನು ಬೆಣಚುಕಲ್ಲಿನ ಪುಡಿಯೊಡನೆ ಕುಲುಮೆಯಲ್ಲಿ ಕರಗಿಸಿ ಗಾಜು ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೈಗಾರಿಕೆಯನ್ನು ವರ್ಣಿಸಿದ್ದಾನೆ. ಆ ಕುಲುಮೆಗಳ ಉರಿಗೆ ಸೌದೆಯೇ ಆಧಾರ. ಕೈಗಾರಿಕೆಗಳು ಸೌದೆಯನ್ನೇ ನೆಚ್ಚಿಕೊಂಡು ಬೆಳೆದರೆ ಕಾಡು ಕರಗುತ್ತದೆ. ಕಲ್ಲಿದ್ದಲನ್ನು ನೆಚ್ಚಿಕೊಂಡರೆ, ಅದು ದೊರೆಯದ ನಾಡು ಪರರ ಕೈ ನೋಡಬೇಕಾಗುತ್ತದೆ. ಕಲ್ಲಿದ್ದಲಿನ ಗಣಿಗಳಿಲ್ಲದ ಮೈಸೂರು ಸಂಸ್ಥಾನವನ್ನು ಈ ಇಕ್ಕಟ್ಟಿನಿಂದ ಪಾರುಮಾಡುವ ದಾರಿಯನ್ನು ಕಂಡವರಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅಗ್ರಗಣ್ಯರು.

ಶೇಷಾದ್ರಿ ಅಯ್ಯರ್ ಅವರು 1845ನೆಯ ಇಸವಿ ಜೂನ್ 1ರಂದು ಮಲಬಾರಿನ ಪಾಲ್ಘಾಟ್ ಪ್ರದೇಶದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿಯೂ ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿ ಪದವೀಧರರಾದರು. 1868ರಲ್ಲಿ ಮೈಸೂರಿನ ಸೇವೆಗೆ ಸೇರಿದ ಅವರು ಹಂತಹಂತವಾಗಿ ಮೇಲೇರಿ, ತುಮಕೂರಿನ ಡೆಪ್ಯುಟಿ ಕಮಿಷನರ್ ಆಗಿಯೂ ಕೆಲಸ ಮಾಡಿದರು. ದಿವಾನ್ ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನ್ ಪದವಿ ಅವರಿಗೆ ಒಲಿಯಿತು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮುಂದೆ ಹದಿನೆಂಟು ವರ್ಷಗಳ ಕಾಲ ಅವರು ಆ ಹೊಣೆಯನ್ನು ಹೊತ್ತರು.

ಅವರು ಅಧಿಕಾರ ವಹಿಸಿಕೊಂಡ ಕಾಲ ಸುಭಿಕ್ಷದ್ದಾಗಿರಲಿಲ್ಲ. 1876-78ರ ಭೀಕರ ಕ್ಷಾಮದಲ್ಲಿ ಲಕ್ಷಾಂತರ ಜನ ಅಸುನೀಗಿದ್ದರು. ಸಂಸ್ಥಾನದ ತಲೆಯ ಮೇಲೆ ಸಾಲದ ಹೊರೆಯಿತ್ತು. ಬರಗಾಲಕ್ಕೆ ಮದ್ದು ಕೆರೆಕಾಲುವೆಗಳು ಮತ್ತು ರೈಲುದಾರಿಗಳೆಂದು ಬಗೆದ ಶೇಷಾದ್ರಿ ಅಯ್ಯರ್ ಅವರು ಅವುಗಳಿಗೆ ಧಾರಾಳವಾಗಿ ಹಣವೊದಗಿಸಿದರು. ಇದೇ ಅವಧಿಯಲ್ಲಿ ಕೋಲಾರದ ಚಿನ್ನದ ಗಣಿಗಳು ಏಳಿಗೆ ಹೊಂದಿ, ಅವುಗಳ ರಾಜಧನ ಬೊಕ್ಕಸವನ್ನು ತುಂಬತೊಡಗಿತು.

ಆದರೆ ಚಿನ್ನವನ್ನು ಮೇಲೆತ್ತುವುದು ಸುಲಭವಾಗಿರಲಿಲ್ಲ. ಗಣಿಗಳು ಆಳವಾದಂತೆ ಅದಿರನ್ನು ಎತ್ತಲು, ಕುಟ್ಟಲು, ನೀರನ್ನು ಹೊರಹಾಕಲು ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಅದನ್ನು ಒದಗಿಸುತ್ತಿದ್ದುದು ಉಗಿಯಂತ್ರಗಳು. ಅವುಗಳ ಒಲೆಗಳಿಗೆ ಸುತ್ತಣ ಸೌದೆಯೂ ದೂರದಿಂದ ತರಿಸಿದ ದುಬಾರಿ ಕಲ್ಲಿದ್ದಲೂ ಆಹುತಿಯಾಗುತ್ತಿದ್ದವು. ಇತ್ತ ಶಿವನಸಮುದ್ರದಲ್ಲಿ ಕಾವೇರಿಯ ನೀರು ಕಡಿದಾದ ಬಂಡೆಗಳಿಂದ ಧುಮುಕಿ ತನ್ನ ಬಲವನ್ನು ವ್ಯರ್ಥವಾಗಿ ಕಳೆಯುತ್ತಿತ್ತು. ಆ ಬಲವನ್ನು ವಿದ್ಯುತ್ತಾಗಿಸಿ ಕೋಲಾರಕ್ಕೆ ಕಳುಹಿಸಬಾರದೇಕೆಂಬ ವಿಚಾರ ಮೂಡಿದ್ದು ಹೀಗೆ.

ಇಂದು ಈ ವಿಚಾರ ಸಹಜವೆನಿಸುತ್ತದೆ. ಅಂದು ಅದು ಸಾಹಸವೇ ಆಗಿತ್ತು. ಭಾರತದಲ್ಲಿ ಜಲವಿದ್ಯುತ್ತು 1897ರಲ್ಲಿ ಡಾರ್ಜಿಲಿಂಗ್ ಬಳಿಯ ಒಂದು ಕಿರು ಕೇಂದ್ರದಲ್ಲಿ ಮಾತ್ರ ಆರಂಭವಾಗಿತ್ತು. ಅಮೆರಿಕದ ನಯಾಗರ ಜಲಪಾತದ ವಿದ್ಯುತ್ತು 1896ರಲ್ಲಿ ಬಫೆಲೊ ನಗರವನ್ನು ತಲುಪಿತ್ತಾದರೂ ಅದು ಕ್ರಮಿಸಿದ ದೂರ ಸುಮಾರು 26 ಮೈಲಿ. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಸುಮಾರು 92 ಮೈಲಿ. ಯೋಜನೆ ವಿಫಲವಾದರೆ ಕ್ಷಾಮದಿಂದ ಚೇತರಿಸಿಕೊಳ್ಳುತ್ತಿದ್ದ ಪ್ರಜೆಗಳ ಹಣ ನೀರುಪಾಲಾಗುತ್ತಿತ್ತು. ಸಾಲದುದಕ್ಕೆ 1898ರಲ್ಲಿ ಪ್ಲೇಗ್ ಬೇರೆ ಸಂಸ್ಥಾನವನ್ನು ನಡುಗಿಸಿತ್ತು. ಇಷ್ಟಾದರೂ ದಿವಾನರು ಹಿಂಜರಿಯಲಿಲ್ಲ. ಹಾಗೆಂದು ಕಣ್ಣು ಮುಚ್ಚಿಕೊಂಡು ಮುನ್ನುಗ್ಗಲೂ ಇಲ್ಲ. ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರು ಅಮೆರಿಕ ಮತ್ತು ಯೂರೋಪುಗಳಿಗೆ ತೆರಳಿ ತಜ್ಞರೊಡನೆ ವಿಚಾರ ವಿನಿಮಯ ಮಾಡಿ ಬಂದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದಲೂ ಬಂದವು.

ಯೋಜನೆಯ ತತ್ತ್ವ ಸರಳವಾದುದು. ನದಿಯ ನೀರನ್ನು ಕಾಲುವೆಯಲ್ಲಿ ತಂದು, ಸುಮಾರು 400 ಅಡಿ ಎತ್ತರದಿಂದ ಉಕ್ಕಿನ ಕೊಳವೆಗಳಲ್ಲಿ ಇಳಿಸಿದರೆ ಅದರ ರಭಸಕ್ಕೆ ಟರ್ಬೈನುಗಳು ತಿರುಗುತ್ತವೆ; ಅವುಗಳಿಗೆ ಜೋಡಿಸಿದ ಜನರೇಟರುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದರ ಒತ್ತಡವನ್ನು ಹೆಚ್ಚಿಸಿದಷ್ಟೂ ತಂತಿಯಲ್ಲಿ ಹರಿಯುವ ಪ್ರವಾಹ ತಗ್ಗಿ, ಶಾಖವಾಗಿ ನಷ್ಟವಾಗುವ ಶಕ್ತಿಯೂ ತಗ್ಗುತ್ತದೆ. ಆದ್ದರಿಂದಲೇ ದೂರದ ಸಾಗಣೆ ಸಾಧ್ಯವಾಗುತ್ತದೆ. ಇಲ್ಲಿ ಉರಿಯಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ. ಕೆಲಸ ಮುಗಿಸಿದ ನೀರು ಮತ್ತೆ ನದಿಯನ್ನೇ ಸೇರುತ್ತದೆ.

ಇದೇ ಕಾಲದಲ್ಲಿ ಚಿತ್ರದುರ್ಗ ಸೀಮೆಯಲ್ಲಿಯೂ ಒಂದು ಮಹತ್ಕಾರ್ಯ ನಡೆದಿತ್ತು. ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡು, ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆನಿಸಿತು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಜಲಾಶಯ ತುಂಬುವುದೇ ಅಪರೂಪವಾಯಿತು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆದರೂ ನಡುವಣ ವರ್ಷಗಳಲ್ಲಿ ಅದು ಹಿರಿಯೂರಿನ ತೋಟಗದ್ದೆಗಳಿಗೆ ನೀರುಣಿಸಿತು. ಲೋಕೋಪಯೋಗಿ ಕಾರ್ಯಗಳ ಫಲ ಒಮ್ಮೊಮ್ಮೆ ಬೇಗ ದೊರೆಯುತ್ತದೆ, ಒಮ್ಮೊಮ್ಮೆ ತಲೆಮಾರುಗಳೇ ಕಾಯಬೇಕಾಗುತ್ತದೆ.

ಬೇಗ ದೊರೆತ ಫಲವನ್ನೂ ಶೇಷಾದ್ರಿ ಅಯ್ಯರ್ ಅವರು ಕಾಣಲಿಲ್ಲ. ದೇಹಾಲಸ್ಯದಿಂದ 1901ರಲ್ಲಿ ನಿವೃತ್ತರಾದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ಕಾಲವಶರಾದರು. ಒಂಬತ್ತು ತಿಂಗಳು ಕಳೆದು, 1902ನೆಯ ಇಸವಿ ಜೂನ್ 30ರಂದು ಕಾವೇರಿಯ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಅಂದಿಗೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಹಳ್ಳಿಗಳ ಪಾಲಿಗೆ ಬೆಳಕು ಬರಲು ಇನ್ನೂ ಹಲವು ದಶಕಗಳು ಹಿಡಿದವು. ಬೇಸಿಗೆಯಲ್ಲಿ ನದಿ ಬಡವಾದಾಗ ಯಂತ್ರಗಳೂ ಸೊರಗುತ್ತಿದ್ದವು. ಕನ್ನಂಬಾಡಿಯಲ್ಲಿ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗೊಂಡ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಈ ಕೊರತೆಯನ್ನು ನೀಗುವುದೂ ಒಂದಾಗಿತ್ತು.

ಅದೇ ದಶಕದಲ್ಲಿ ದೂರದ ಇಟಲಿಯಲ್ಲಿ ಇಂಥದೇ ಇನ್ನೊಂದು ಪ್ರಯತ್ನ ನಡೆಯಿತು. 1904ರಲ್ಲಿ ಲಾರ್ಡೆರೆಲ್ಲೊ ಎಂಬಲ್ಲಿ ಪಿಯೆರೊ ಜಿನೊರಿ ಕಾಂಟಿ ಎಂಬಾತ ಭೂಗರ್ಭದಿಂದ ಚಿಮ್ಮುವ ಉಗಿಯಿಂದ ಯಂತ್ರ ನಡೆಸಿ ಐದು ವಿದ್ಯುದ್ದೀಪಗಳನ್ನು ಹೊತ್ತಿಸಿದನು. 1913ರಲ್ಲಿ ಅಲ್ಲಿ 250 ಕಿಲೋವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವೂ ತಲೆಯೆತ್ತಿತು. ಆ ನಾಡಿಗೆ ನೆಲದೊಳಗಿನ ಬಿಸಿಯುಗಿ, ಈ ನಾಡಿಗೆ ಧುಮುಕುವ ನೀರು. ಪ್ರಕೃತಿ ತಮ್ಮ ನೆಲಕ್ಕೆ ಕೊಟ್ಟುದೇನೆಂಬುದನ್ನು ಅರಿತು, ಅದನ್ನು ಸುಡದೆ ಕೆಡಿಸದೆ ಬಳಸಿಕೊಂಡದ್ದು ಎರಡೂ ಕಡೆಯ ಸಾಧನೆ.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಕಾವೇರಿಯ ವಿದ್ಯುತ್ತು ಉಳಿಯಿತು. ಬೆಣಚುಕಲ್ಲನ್ನು ಸೌದೆಯ ಉರಿಯಲ್ಲಿ ಕರಗಿಸುತ್ತಿದ್ದ ಚಿತ್ರದುರ್ಗ ಸೀಮೆಯ ಗುಡ್ಡಗಳ ಮೇಲೆ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಪ್ರತಿಮೆಯೂ ಶೇಷಾದ್ರಿಪುರವೆಂಬ ಬಡಾವಣೆಯೂ ದಿವಾನರ ಹೆಸರನ್ನು ಉಳಿಸಿವೆ. ತಾವು ಕಾಣಲಾಗದ ಬೆಳಕಿಗಾಗಿ ಅವರು ಧೈರ್ಯದಿಂದ ದುಡಿದರೆಂಬುದನ್ನು ನಾಡು ಮರೆಯುವಂತಿಲ್ಲ.