ದಿವಾನಗಿರಿ ಬಿಟ್ಟ ಮೇಲೆ ಕಟ್ಟಿದ ಸೈನ್ಯ

ಊರಿನಿಂದ ನೆಂಟರು ಬಂದರೆ ಹೈದರಾಬಾದಿನ ಕನ್ನಡಿಗರೆಲ್ಲ ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಸಾಲಾರ್ ಜಂಗ್ ಮ್ಯೂಸಿಯಂ ಒಂದು. ಗಂಟೆ ಬಾರಿಸುವ ಬೊಂಬೆಯ ಗಡಿಯಾರದ ಮುಂದೆ ಜಾತ್ರೆಯಷ್ಟು ಜನ. ಮುಸುಕಿನ ರೆಬೆಕಾ ಶಿಲ್ಪದ ಮುಂದೆ ಫೋಟೊ. ಮಕ್ಕಳ ವಿಭಾಗದಲ್ಲಿ ಸಾಲುಗಟ್ಟಿ ನಿಂತ ಆಟಿಕೆ ಸೈನ್ಯದ ಹತ್ತಿರ ಮಾತ್ರ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನಾನು ಅಲ್ಲೇ ನಿಲ್ಲುತ್ತೇನೆ. ವಾರವೆಲ್ಲ ಗಚ್ಚಿಬೌಲಿಯಲ್ಲಿ ಕೋಡ್ ಬರೆದು, ಭಾನುವಾರ ಬೆರಳುದ್ದವೂ ಇಲ್ಲದ ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡುವುದು ನನ್ನ ಹವ್ಯಾಸ.

ಇದನ್ನೆಲ್ಲ ಕೂಡಿಟ್ಟ ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೇ ಸಾಲಾರ್ ಜಂಗ್, ಹುಟ್ಟಿದ್ದು 1889ರ ಜೂನ್ 13ರಂದು, ಪುಣೆಯಲ್ಲಿ. ಮಗುವಿಗೆ ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ತಂದೆಯೂ ನಿಜಾಮರ ದಿವಾನರಾಗಿದ್ದವರು. ತಾತ ಮೊದಲನೇ ಸಾಲಾರ್ ಜಂಗ್ ಅಂತೂ 1853ರಿಂದ 1883ರವರೆಗೆ, ಮೂವತ್ತು ವರ್ಷ ರಾಜ್ಯ ನಡೆಸಿದವರು. ತೊಟ್ಟಿಲಲ್ಲಿದ್ದಾಗಲೇ ಈ ಹುಡುಗನ ಹೆಗಲ ಮೇಲೆ ಅಷ್ಟು ದೊಡ್ಡ ಹೆಸರು ಬಿತ್ತು. ಜೊತೆಗೆ ಜಹಗೀರುಗಳು. ನಮ್ಮ ಕೊಪ್ಪಳವೂ ಈ ಮನೆತನದ ಜಹಗೀರೇ ಆಗಿತ್ತು ಎಂಬುದು ಅಲ್ಲಿಯ ಹಿರಿಯರಿಗೆ ಗೊತ್ತು, ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

1912ರಲ್ಲಿ ನಿಜಾಮ್ ಉಸ್ಮಾನ್ ಅಲಿ ಖಾನ್ ಅವರನ್ನು ದಿವಾನರನ್ನಾಗಿ ಮಾಡಿದರು. ವಯಸ್ಸು 23. ನಮ್ಮಲ್ಲಿ ಆ ವಯಸ್ಸಿನವರು ಮೊದಲ ಕೆಲಸಕ್ಕೆ ಸೇರಿ ಪಿಜಿ ಹುಡುಕುತ್ತಿರುತ್ತಾರೆ. ಎರಡು ವರ್ಷ ಕಳೆದು, 1914ರಲ್ಲಿ ಅವರು ಹುದ್ದೆ ಬಿಟ್ಟರು. ಆಮೇಲೆ ಐದು ವರ್ಷ ನಿಜಾಮರು ದಿವಾನರೇ ಇಲ್ಲದೆ ಆಡಳಿತ ನಡೆಸಿದರು.

ಆ ಎರಡು ವರ್ಷಗಳ ನಡುವೆ, 1913ರಲ್ಲಿ, ಇಂಗ್ಲೆಂಡಿನಲ್ಲಿ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ತಂದರು. ನಾವು ಆಡುವ ಆಟದ ಬೇರು ಅಲ್ಲಿದೆ. ನಿಜವಾದ ಯುದ್ಧಕ್ಕಿಂತ ಈ ಆಟ ಎಷ್ಟೋ ಮೇಲು ಎಂಬುದು ವೆಲ್ಸರ ವಾದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅದೇ ವರ್ಷ ಹೈದರಾಬಾದಿನ ಯುವ ದಿವಾನರು ಅಧಿಕಾರದಿಂದ ಇಳಿದು ಮನೆಗೆ ಬಂದರು.

ಅಲ್ಲಿಂದ 35 ವರ್ಷ ಅವರು ಮಾಡಿದ್ದು ಸಂಗ್ರಹವೊಂದನ್ನೇ. ಮದುವೆಯಾಗಲಿಲ್ಲ. ದಿವಾನ್ ದೇವಡಿಯ ಅರಮನೆಗೆ ವ್ಯಾಪಾರಿಗಳು ಸರಕು ಹೊತ್ತು ಬರುತ್ತಿದ್ದರು. ಅವರೂ ಯುರೋಪಿಗೆ ಹೋಗಿ ಕೊಳ್ಳುತ್ತಿದ್ದರು. ಹಸ್ತಪ್ರತಿ, ಜೇಡ್ ಕಲ್ಲಿನ ಕಠಾರಿ, ಟಿಪ್ಪುವಿನದೆನ್ನಲಾದ ದಂತದ ಕುರ್ಚಿಗಳು, ಗಡಿಯಾರ, ಊರುಗೋಲು, ಕೊನೆಗೆ ಆಟಿಕೆ. ಆಟಿಕೆಗಳನ್ನು ಆಡಲು ಸ್ವಂತ ಮಕ್ಕಳಿರಲಿಲ್ಲ ಎಂಬುದು ಆ ಗಾಜಿನ ಕಪಾಟಿನ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುತ್ತದೆ. ದೊಡ್ಡ ರಾಜ್ಯವನ್ನು ನಡೆಸಿ ಬಿಟ್ಟವರಿಗೆ ಹೇಳಿದ ಹಾಗೆ ನಿಲ್ಲುವ ಪುಟ್ಟ ಸೈನ್ಯ ಹಿಡಿಸಿದ್ದರೆ ಆಶ್ಚರ್ಯವೇನಿಲ್ಲ. ಇದು ನನ್ನ ಊಹೆ ಅಷ್ಟೆ.

ಅವರ ಕಾಲಕ್ಕೆ ಇಂಥ ಸೈನಿಕರು ಅಗ್ಗವಾಗಿದ್ದರು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ, ಅಚ್ಚಿಗೆ ಕರಗಿದ ಸೀಸ ಸುರಿದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಚೆಲ್ಲಿಬಿಡುವ ಉಪಾಯ ಕಂಡುಹಿಡಿದಿತ್ತು. ಟೊಳ್ಳು ಬೊಂಬೆ, ಹಗುರ, ಎತ್ತರ 54 ಮಿಲಿಮೀಟರ್. ಬಣ್ಣ ಮಾತ್ರ ಕೈಯಿಂದಲೇ. ಹಾಗಾಗಿ ಒಂದು ಮುಖದಂತೆ ಇನ್ನೊಂದಿಲ್ಲ.

ನಮ್ಮದು 28 ಮಿಲಿಮೀಟರಿನ ಪ್ಲಾಸ್ಟಿಕ್. ಪೊಟ್ಟಣದಲ್ಲಿ ಬರುವುದು ಹೆಚ್ಚಾಗಿ ನೆಪೋಲಿಯನ್ ಕಾಲದ ಯುರೋಪಿನವರು. ನಿಜಾಮರ ಸವಾರ ಬೇಕೆಂದರೆ ಬ್ಲೇಡಿನಿಂದ ಟೋಪಿ ಕೆತ್ತಿ ತೆಗೆಯಬೇಕು. ಎಂ-ಸೀಲ್ ಕಲಸಿ, ದಾರದಂತೆ ಹೊಸೆದು, ತಲೆಗೆ ಸುತ್ತಿದರೆ ಪೇಟ. ಗುಂಡುಸೂಜಿ ಈಟಿಯಾಗುತ್ತದೆ. ಮೇಲೊಂದು ತಳಬಣ್ಣ, ಅದು ಒಣಗಿದ ಮೇಲೆ ತೆಳು ಬಣ್ಣ, ಬಟ್ಟೆಯ ಮಡಿಕೆಗಳಲ್ಲಿ ನೀರಾದ ಕಂದು. ತಮಾಷೆಯೆಂದರೆ, ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಸರಿಯಿಂದ ಜೋಡಿಸಿ, ಮೇಲೆ ಕಲ್ಲುಪುಡಿ ಅಂಟು ಮೆತ್ತಿ, ಆಮೇಲೆ ಬಣ್ಣ. ಸಾಲಾರ್ ಜಂಗರ ಜಹಗೀರಿನ ಊರಿನ ಮಗ್ಗುಲಲ್ಲೇ ಆ ಕೈಗಳಿದ್ದವು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಆರು ತಿಂಗಳೊಳಗೆ, 1949ರ ಮಾರ್ಚ್ 2ರಂದು, ಸಾಲಾರ್ ಜಂಗ್ ತೀರಿಕೊಂಡರು. ಅದೇ ವರ್ಷ ಜಹಗೀರುಗಳೂ ರದ್ದಾದವು. ನೇರ ವಾರಸುದಾರರಿಲ್ಲ, ಬಂಧುಗಳ ಹಕ್ಕು ಬೇರೆ. ಸಂಗ್ರಹ ಹರಾಜಾಗಿ ಚದುರಿಹೋಗಲು ಇಷ್ಟು ಸಾಕಿತ್ತು. ಆಗಿನ ಆಡಳಿತಾಧಿಕಾರಿ ಎಂ.ಕೆ. ವೆಲ್ಲೋಡಿ ಮ್ಯೂಸಿಯಂ ಮಾಡೋಣ ಎಂದು ಮುಂದಾದರು; ಕಲಾ ವಿಮರ್ಶಕ ಜೇಮ್ಸ್ ಕಸಿನ್ಸ್ ಜೋಡಣೆಗೆ ನೆರವಾದರು. 1951ರ ಡಿಸೆಂಬರ್ 16ರಂದು ನೆಹರೂ ದಿವಾನ್ ದೇವಡಿಯಲ್ಲೇ ಅದನ್ನು ತೆರೆದರು. 1958ರಲ್ಲಿ ಬಂಧುಗಳು ರಾಜಿಯಾಗಿ ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು.

1968ರಲ್ಲಿ ಸಂಗ್ರಹವೆಲ್ಲ ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಅರಮನೆ ಉಳಿಯಲಿಲ್ಲ. ದಿವಾನ್ ದೇವಡಿಯಲ್ಲಿ ಈಗ ಹೆಬ್ಬಾಗಿಲಿನ ಕಮಾನು ಕಾಣುತ್ತದೆ, ಸುತ್ತಲೂ ಅಂಗಡಿಗಳು.