ಬಾಲಣ್ಣ

ಚಲನಚಿತ್ರವೆಂದೊಡನೆ ನಮಗೆ ನೆನಪಾಗುವವರು ನಾಯಕ, ನಾಯಿಕೆಯರು. ಆದರೆ ಜಿಪುಣ ಸಾಹುಕಾರ, ಮನೆಮುರುಕ ನೆಂಟ, ಕಷ್ಟಕ್ಕೊದಗುವ ಮುದುಕ ಮುಂತಾದವರಿಲ್ಲದಿದ್ದರೆ ಕಥೆ ನಡೆಯುವುದಾದರೂ ಹೇಗೆ? ಇಂಥ ಪಾತ್ರಗಳಲ್ಲಿಯೇ ಬಾಳನ್ನು ಸವೆಸಿದ ಟಿ. ಎನ್. ಬಾಲಕೃಷ್ಣ ಅವರನ್ನು ಕನ್ನಡಿಗರು ಅಕ್ಕರೆಯಿಂದ ಬಾಲಣ್ಣನೆಂದು ಕರೆದರು.

ಅವರು ಜನಿಸಿದ್ದು 1911ರ ನವೆಂಬರ್ 2ರಂದು, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಮನೆಯಲ್ಲಿ ಕಡುಬಡತನ. ಗಂಡನ ಕಾಯಿಲೆಗೆ ಮದ್ದು ತರಲು ಕಾಸಿಲ್ಲದೆ ತಾಯಿ ಈ ಎಳೆಯ ಮಗನನ್ನು ಎಂಟು ರೂಪಾಯಿಗೆ ಬೇರೊಂದು ದಂಪತಿಗಳಿಗೆ ಕೊಟ್ಟುಬಿಟ್ಟಳು. ಪರರ ಮನೆಯಲ್ಲಿ ಬೆಳೆದ ಹುಡುಗನಿಗೆ ಕಿವಿಯೂ ಮಂದ. ಅಂಥವನು ಹಿಡಿದದ್ದು ನಾಟಕದ ಹಾದಿಯನ್ನು!

ನಾಟಕದಲ್ಲಿ ಮಾತು ಮರೆತ ನಟನಿಗೆ ಪರದೆಯ ಮರೆಯಿಂದ ಮಾತನ್ನು ಎತ್ತಿಕೊಡುವವರುಂಟು. ಕಿವಿ ಕೇಳದವನಿಗೆ ಆ ಆಸರೆಯೂ ಇಲ್ಲ. ಬಾಲಣ್ಣನವರು ಎದುರು ಪಾತ್ರಧಾರಿಯ ತುಟಿಗಳ ಚಲನೆಯನ್ನು ನೋಡಿಯೇ ತಮ್ಮ ಸರದಿಯನ್ನು ಅರಿಯುತ್ತಿದ್ದರು. ಅವರ ಚಿತ್ರಗಳನ್ನು ನೋಡಿದವರಾರಿಗೂ ಈ ಕೊರತೆ ಕಾಣುವುದಿಲ್ಲ. ಮಾತಿಗೆ ಮಾತು ಥಟ್ಟನೆ ಬರುತ್ತದೆ. ಕಣ್ಣು, ಹುಬ್ಬು, ಕೊಂಕುನಗೆ ಎಲ್ಲವೂ ಅದರ ಜೊತೆಗೂಡುತ್ತವೆ.

1943ರ ‘ರಾಧಾರಮಣ’ ಅವರ ಮೊದಲ ಚಿತ್ರ. ಜಿ. ವಿ. ಅಯ್ಯರ್ ಅವರೂ ಅದರಲ್ಲಿಯೇ ಚಿತ್ರರಂಗವನ್ನು ಪ್ರವೇಶಿಸಿದರು. ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನಲ್ಲಿ ತಯಾರಾಗುತ್ತಿದ್ದವು. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಚಿತ್ರವಿಲ್ಲದಿದ್ದರೆ ಕಲಾವಿದನ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಅಯ್ಯರ್ ಮತ್ತು ಬಾಲಣ್ಣ ಒಂದುಗೂಡಿ ಕಲಾವಿದರ ಸಂಘವನ್ನು ಕಟ್ಟಿದರು. ಊರೂರು ತಿರುಗಿ ನಾಟಕಗಳನ್ನಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆರೆಗೆ ತಂದರು. ಮುಂದೆ ಬಾಲಣ್ಣನವರಿಗೆ ಬಿಡುವೇ ಇಲ್ಲವಾಯಿತು. ಕೇಡಿಗನಾಗಿ ಜನರ ಶಾಪವನ್ನು ಸಂಪಾದಿಸಿದ ಅವರೇ 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿ ಎಲ್ಲರ ಪ್ರೀತಿಯನ್ನೂ ಗಳಿಸಿದರು. ಹೀಗೆ ನಟಿಸಿದ ಚಿತ್ರಗಳು ಐನೂರಕ್ಕೂ ಹೆಚ್ಚು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಕನ್ನಡ ಚಿತ್ರ ಕನ್ನಡ ನೆಲದಲ್ಲಿಯೇ ತಯಾರಾಗಬೇಕೆಂಬ ಹಂಬಲ ಅವರನ್ನು ಕಾಡುತ್ತಿತ್ತು. ನಾವು ಚನ್ನಪಟ್ಟಣ, ರಾಮನಗರಗಳಿಂದ ಬೆಂಗಳೂರಿಗೆ ಹೋಗುವಾಗ ದಾಟುವ ಕೆಂಗೇರಿಯ ಸಮೀಪದಲ್ಲಿ, ಮೈಲಸಂದ್ರದಲ್ಲಿ, ಸರ್ಕಾರ ಕೊಟ್ಟ 20 ಎಕರೆ ಭೂಮಿಯಲ್ಲಿ ಅವರು ಅಭಿಮಾನ್ ಸ್ಟುಡಿಯೋ ಕಟ್ಟತೊಡಗಿದರು. 1973ರಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ‘ಷೋಲೆ’ ಎಂಬ ಹಿಂದಿ ಚಿತ್ರಕ್ಕಾಗಿ ಒಂದು ಹಳ್ಳಿಯನ್ನೇ ನಿರ್ಮಿಸಿದ್ದರು. ಚಿತ್ರೀಕರಣ ಮುಗಿಯಿತು, ಹಳ್ಳಿಯೂ ಮಾಯವಾಯಿತು. ಬಾಲಣ್ಣ ಬಯಸಿದ್ದು ಕಲಾವಿದರಿಗೆ ಶಾಶ್ವತವಾದ ಒಂದು ನೆಲೆಯನ್ನು. ದುಡಿದ ಹಣವನ್ನೆಲ್ಲ ಅದಕ್ಕೆ ಸುರಿದರು. ಸಾಲದ ಹೊರೆ ಬೆಳೆಯಿತೇ ಹೊರತು ಕನಸು ಪೂರ್ಣವಾಗಿ ಕೈಗೂಡಲಿಲ್ಲ. ಮುಪ್ಪಿನಲ್ಲಿಯೂ ಬಣ್ಣ ಹಚ್ಚುತ್ತಲೇ ಇದ್ದ ಅವರು 1995ರ ಜುಲೈ 19ರಂದು ಕಾಲವಶರಾದರು. 2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಆ ಸ್ಟುಡಿಯೋದ ನೆಲದಲ್ಲಿಯೇ.

ಎಂಟು ರೂಪಾಯಿಗೆ ಕೈಬದಲಾದ ಮಗುವೊಂದು ತನ್ನವರಿಗೆಲ್ಲ ಒಂದು ಮನೆಯನ್ನು ಕಟ್ಟಲು ಹೊರಟ ಸಾಹಸವಿದು. ಮನೆ ಅರ್ಧಕ್ಕೆ ನಿಂತಿರಬಹುದು. ಆದರೆ ಹಳೆಯ ಕನ್ನಡ ಚಿತ್ರವೊಂದನ್ನು ನೋಡಲು ಕುಳಿತಾಗ, ಸಹೃದಯರು ನಾಯಕನ ಹೆಸರಿಗೇ ಕಣ್ಣು ತೆಗೆಯದೆ, ಮುಂದೆ ಬರುವ ಬಾಲಕೃಷ್ಣ ಎಂಬ ಹೆಸರಿಗಾಗಿ ಒಂದು ಕ್ಷಣ ಕಾದರೆ, ಆ ಹಿರಿಯ ಜೀವಕ್ಕೆ ಅದೇ ನಮ್ಮ ಗೌರವ.